ನಾರ್ವೆಯ ಹಳೆಯ ಜಮೀನು ತೆರಿಗೆ ಪುಸ್ತಕಗಳು: 2 ಲೌಪ್ ಬೆಣ್ಣೆ 2 ಪುಂಡ್ ಆದದ್ದು ಹೇಗೆ?

ವೊಸ್ ಸೊಸೆ:

ನಮಸ್ಕಾರ. ನಾನು ಬರ್ಗೆನ್ನಿನಲ್ಲಿದ್ದೇನೆ. ಗಂಡನ ತಾಯಿಯ ಕಡೆಯವರು ವೊಸ್ ಪ್ರದೇಶದ ರೈತರು. ಜಮೀನಿನ ಹೆಸರನ್ನು ಎಲ್ಲಿಯೂ ಹಾಕಬೇಡ ಎಂದು ಅತ್ತೆ ಹೇಳಿದ್ದಾರೆ, ಆದ್ದರಿಂದ ಹೆಸರಿಲ್ಲದೆ ಕೇಳುತ್ತಿದ್ದೇನೆ. ಮಕ್ಕಳಿಗಾಗಿ ಎರಡೂ ಕಡೆಯ ವಂಶವೃಕ್ಷ ಬರೆದಿಡುವ ಆಸೆ. ನನ್ನ ತವರಿನ ಕಡೆಯದು ಕೆಲವೇ ತಲೆಮಾರುಗಳಿಗೆ ನಿಂತುಹೋಗುತ್ತದೆ. ಇಲ್ಲಿ ನೋಡಿದರೆ ‘ಡಿಜಿಟಾಲಾರ್ಕಿವೆಟ್’ ಎಂಬ ಸರ್ಕಾರಿ ಜಾಲತಾಣದಲ್ಲಿ 1600ರ ದಶಕಗಳ ಕಾಗದಗಳೂ ಪುಕ್ಕಟೆಯಾಗಿ ಸಿಗುತ್ತವೆ. ಸಿಗುವುದು ಸಿಕ್ಕಿತು, ಅರ್ಥವಾಗುತ್ತಿಲ್ಲ.

1660ರ ದಶಕದ ತೆರಿಗೆ ಪುಸ್ತಕದಲ್ಲಿ ಈ ಜಮೀನಿನ ಎದುರು ‘2 ಲೌಪ್ ಬೆಣ್ಣೆ’ ಎಂದಿದೆ. 1838ರ ಪುಸ್ತಕದಲ್ಲಿ ಗಂಡನ ಪೂರ್ವಜರ ಹೆಸರಿನ ಎದುರು ‘ಹಳೆಯದು: 2 ಪುಂಡ್ 6 ಮರ್ಕ್, ಹೊಸದು: 1 ಡಾಲೆರ್ 3 ಓರ್ಟ್ 18 ಸ್ಕಿಲ್ಲಿಂಗ್’ ಎಂದಿದೆ. ಲೌಪ್ ದೊಡ್ಡ ಅಳತೆ, ಪುಂಡ್ ಚಿಕ್ಕದು ಎಂಬಷ್ಟು ತಿಳಿಯಿತು. ಹಾಗಾದರೆ ಈ ಮಧ್ಯೆ ಮನೆತನ ಬಡವಾಯಿತೇ? ಈ ಡಾಲೆರ್ ಲೆಕ್ಕ ಅವರು ವರ್ಷಕ್ಕೆ ಕಟ್ಟಿದ ತೆರಿಗೆಯೇ? ಬೆಣ್ಣೆಯಲ್ಲಿ ತೆರಿಗೆ ಕಟ್ಟುತ್ತಿದ್ದರೇ?

ಹಳೆಯ ಕಡತ:

ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಏಕೆಂದರೆ ಅದು ಬಿಡಿಸಿದರೆ ಉಳಿದವು ತಾವೇ ಬಿಡಿಸಿಕೊಳ್ಳುತ್ತವೆ.

ನೀವು ನೋಡುತ್ತಿರುವ ಬೆಣ್ಣೆಯ ಲೆಕ್ಕ ತೆರಿಗೆಯಲ್ಲ. ಅದರ ಹೆಸರು ‘ಲಾಂಡ್‌ಸ್ಕುಲ್ಡ್’. ಮೂಲದಲ್ಲಿ ಅದು ಗೇಣಿ: ಜಮೀನಿನ ಒಡೆಯನಿಗೆ ಸಾಗುವಳಿದಾರ ವರ್ಷಕ್ಕೆ ಕೊಡಬೇಕಾದದ್ದು. ಯಾವ ಸೀಮೆಯಲ್ಲಿ ಏನು ಬೆಳೆಯುತ್ತದೋ, ಏನು ಸಿಗುತ್ತದೋ ಅದರಲ್ಲೇ ಗೇಣಿಯ ಲೆಕ್ಕ. ಪಶ್ಚಿಮದ ಫ್ಯೋರ್ಡ್ ಸೀಮೆಯಲ್ಲಿ ಬೆಣ್ಣೆ, ಉತ್ತರದ ನೂರ್ಲಾನ್ ಕಡೆ ಒಣಮೀನು, ಪೂರ್ವದಲ್ಲಿ ಚರ್ಮ ಮತ್ತು ಧಾನ್ಯ. ಟ್ರೊಂಡೆಲಾಗ್‌ನಲ್ಲಿ ‘ಸ್ಪಾನ್’ ಎಂಬ ಅಳತೆ. ಗೇಣಿ ಹೆಚ್ಚು ಬರುವ ಜಮೀನು ಒಳ್ಳೆಯ ಜಮೀನು ಎಂಬುದು ಸರಳ ತರ್ಕವಲ್ಲವೇ? ಆದ್ದರಿಂದ ಕೋಪನ್‌ಹೇಗನ್ನಿನ ರಾಜನ ಅಧಿಕಾರಿಗಳು (1814ರವರೆಗೆ ನಾರ್ವೆ ಡೆನ್ಮಾರ್ಕಿನ ರಾಜನ ಕೈಯಲ್ಲಿತ್ತು) ಅದೇ ಅಂಕಿಯನ್ನು ಎತ್ತಿಕೊಂಡು ಕಂದಾಯದ ಆಧಾರವಾಗಿ ಮಾಡಿದರು. ಸ್ವಂತ ಜಮೀನಿನವನಿಗೂ ಅದೇ ಅಂಕಿ, ಗೇಣಿದಾರನಿಗೂ ಅದೇ ಅಂಕಿ. ಲೌಪ್ ಇಷ್ಟಿದ್ದರೆ ತೆರಿಗೆ ಇಷ್ಟು ಎಂದು ದರವನ್ನು ಬೇರೆಯಾಗಿ ನಿಗದಿ ಮಾಡುತ್ತಿದ್ದರು.

ಅಳತೆ ಹೀಗಿದೆ: 1 ಲೌಪ್ ಎಂದರೆ 3 ಪುಂಡ್, 1 ಪುಂಡ್ ಎಂದರೆ 24 ಮರ್ಕ್. ಒಟ್ಟು 72 ಮರ್ಕ್, ಇಂದಿನ ಲೆಕ್ಕದಲ್ಲಿ 15 ಕಿಲೋ ಆಸುಪಾಸಿನ ಬೆಣ್ಣೆ. 1838ರ ‘ಹೊಸದು’ ಕೂಡ ಕಟ್ಟಿದ ಹಣವಲ್ಲ. ದೇಶದ ತುಂಬ ಬೆಣ್ಣೆ, ಮೀನು, ಚರ್ಮ ಎಂದು ಒಂದಕ್ಕೊಂದು ತಾಳೆಯಾಗದ ಅಳತೆಗಳಿದ್ದವು. ಅವನ್ನು ಒಂದೇ ತಕ್ಕಡಿಗೆ ಹಾಕಲು 1818ರ ಕಾನೂನಿನ ಪ್ರಕಾರ ಮರುಅಂದಾಜು ನಡೆಯಿತು, ಫಲಿತಾಂಶ ಜಾರಿಗೆ ಬಂದದ್ದು 1838ರಲ್ಲಿ. ಡಾಲೆರ್, ಓರ್ಟ್, ಸ್ಕಿಲ್ಲಿಂಗ್ ಎಂಬ ನಾಣ್ಯದ ಹೆಸರುಗಳನ್ನು ಅಲ್ಲಿ ಬರಿಯ ಮಾಪನವಾಗಿ ಬಳಸಿದ್ದಾರೆ. 1 ಡಾಲೆರ್‌ಗೆ 5 ಓರ್ಟ್, 1 ಓರ್ಟ್‌ಗೆ 24 ಸ್ಕಿಲ್ಲಿಂಗ್. ತಮಾಷೆಯೆಂದರೆ, ಪುಸ್ತಕ ಸಿದ್ಧವಾಗುವ ಹೊತ್ತಿಗೆ, 1836ರಲ್ಲಿ, ಸರ್ಕಾರದ ಜಮೀನು ಕಂದಾಯವೇ ರದ್ದಾಗಿತ್ತು! ಆಮೇಲೆ ಆ ಅಂಕಿ ಸ್ಥಳೀಯ ತೆರಿಗೆಗೆ ಬಳಕೆಯಾಯಿತು.

ಈಗ ನಿಮ್ಮ ‘2 ಲೌಪ್’. 1660ರ ದಶಕದ ಆ ಸಾಲಿನ ಚಿತ್ರವನ್ನು ಹಿಗ್ಗಿಸಿ ನೋಡಿ. ಎರಡು ಗೀಟುಗಳಿವೆ ತಾನೇ? ಕೊನೆಯ ಗೀಟಿನ ಬಾಲದ ಮೇಲೆ ಒಂದು ಅಡ್ಡಗೆರೆ ಇದೆಯೇ?

ವೊಸ್ ಸೊಸೆ:

ಇದೆ. ಗುಮಾಸ್ತ ತಪ್ಪಿ ಬರೆದು ಹೊಡೆದುಹಾಕಿದ್ದಾನೆ ಎಂದುಕೊಂಡು ಬಿಟ್ಟಿದ್ದೆ.

ಹಳೆಯ ಕಡತ:

ಹೊಡೆದುಹಾಕಿದ್ದಲ್ಲ, ಅದು ಅರ್ಧ. ಆ ಕಾಲದ ಲೆಕ್ಕಪತ್ರಗಳಲ್ಲಿ ರೋಮನ್ ಅಂಕಿಯ ಕೊನೆಯ ಗೀಟನ್ನು ಅಡ್ಡ ಸೀಳಿದರೆ ಆ ಕೊನೆಯ ಒಂದರಲ್ಲಿ ಅರ್ಧ ಕಳೆಯಬೇಕು. ಎರಡು ಗೀಟು, ಕೊನೆಯದಕ್ಕೆ ಅಡ್ಡಗೆರೆ ಎಂದರೆ ಒಂದೂವರೆ. ಮೂರು ಗೀಟಿದ್ದು ಕೊನೆಯದು ಸೀಳಿದ್ದರೆ ಎರಡೂವರೆ. ಈ ಗೆರೆಯನ್ನು ಗಮನಿಸದೆ ಬರೆದ ವಂಶಾವಳಿಗಳು ಜಾಲತಾಣಗಳಲ್ಲಿ ಎಷ್ಟಿವೆಯೋ!

ಲೆಕ್ಕ ಹಾಕಿ. ಒಂದೂವರೆ ಲೌಪ್ ಎಂದರೆ 108 ಮರ್ಕ್. ನಿಮ್ಮ 1838ರ ಸಾಲಿನ 2 ಪುಂಡ್ 6 ಮರ್ಕ್ ಎಂದರೆ 48 ಮತ್ತು 6, ಒಟ್ಟು 54 ಮರ್ಕ್. ಸರಿಯಾಗಿ ಅರ್ಧ. ಮನೆತನ ಬಡವಾಗಲಿಲ್ಲ, ಜಮೀನು ಇಬ್ಬರ ಪಾಲಾಗಿದೆ. 1838ರ ಪುಟದಲ್ಲಿ ನಿಮ್ಮವರ ಸಾಲಿನ ಮೇಲೋ ಕೆಳಗೋ ಅದೇ ದಪ್ಪಕ್ಷರದ ಸಂಖ್ಯೆಯಡಿ ಇನ್ನೊಬ್ಬನ ಹೆಸರಿರಬೇಕು, ಅವನ ಎದುರೂ 2 ಪುಂಡ್ 6 ಮರ್ಕ್ ಇರಬೇಕು.

ವೊಸ್ ಸೊಸೆ:

ಇದೆ!! ಅಂಕಿಗಳು ಎರಡೂ ಕಡೆ ಒಂದೇ. ಆ ಇನ್ನೊಬ್ಬನ ತಂದೆಯ ಹೆಸರೂ ನಮ್ಮವರ ತಂದೆಯ ಹೆಸರೂ ಒಂದೇ. ಇಬ್ಬರ ಹೆಸರಿನ ಕೊನೆಗೂ ‘ಲಾರ್ಸೆನ್’.

ಹಳೆಯ ಕಡತ:

ಅಣ್ಣತಮ್ಮಂದಿರು ಇರಬಹುದು. ಇರಬಹುದು ಎಂದಷ್ಟೇ ಹೇಳುತ್ತೇನೆ. ಲಾರ್ಸ್ ಎಂಬ ಹೆಸರಿನವರು ಪ್ರತಿ ಮನೆಯಲ್ಲೂ ಇದ್ದರು, ಅವರ ಗಂಡುಮಕ್ಕಳೆಲ್ಲ ಲಾರ್ಸೆನ್‌ಗಳೇ. ಚರ್ಚಿನ ನಾಮಕರಣದ ದಾಖಲೆ ನೋಡುವವರೆಗೆ ಪೆನ್ಸಿಲ್ಲಿನಲ್ಲೇ ಬರೆಯಿರಿ.

ತುಮಕೂರು ಭೂಮಾಪಕ:

ನಾನು ಭೂಮಾಪನ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಮಗಳು ಓಸ್ಲೋದಲ್ಲಿದ್ದಾಳೆ, ಆದ್ದರಿಂದ ಈ ಚರ್ಚೆ ಓದುತ್ತಿದ್ದೇನೆ. ಅಮ್ಮಾ, ಒಂದು ಸಂಖ್ಯೆಯಡಿ ಎರಡು ಸಾಲು ಎಂದಾಗ ನನಗೆ ನಮ್ಮ ಸರ್ವೆ ನಂಬರ್ ಮತ್ತು ಹಿಸ್ಸಾ ನಂಬರ್ ನೆನಪಾಯಿತು. ಅಲ್ಲಿಯೂ ಹಾಗೆಯೇ ಇದೆಯೇ? ಹಾಗಿದ್ದರೆ ನಕ್ಷೆ ತೆಗೆಸಿ, ಚಕ್ಕುಬಂದಿ ನೋಡಿದರೆ ಪಾಲು ಯಾವಾಗ ಆಯಿತೆಂದು ಗೊತ್ತಾಗುತ್ತದೆಯಲ್ಲ?

ಹಳೆಯ ಕಡತ:

ಸಂಖ್ಯೆಯ ಮಟ್ಟಿಗೆ ನಿಮ್ಮ ಮಾತು ಸರಿ ಸರ್. 1886ರ ಪುಸ್ತಕದಿಂದ ಇಂದಿನವರೆಗೂ ಜಮೀನಿಗೊಂದು ‘ಗೋರ್ಡ್’ ಸಂಖ್ಯೆ, ಅದರೊಳಗಿನ ಪಾಲಿಗೊಂದು ‘ಬ್ರೂಕ್’ ಸಂಖ್ಯೆ. ಆದರೆ ನಕ್ಷೆಯ ಆಸೆ ಬಿಡಿ. ನಾರ್ವೆಯ ಈ ಹಳೆಯ ಪುಸ್ತಕಗಳಲ್ಲಿ ವಿಸ್ತೀರ್ಣವೂ ಇಲ್ಲ, ನಕ್ಷೆಯೂ ಇಲ್ಲ. ಸರಪಳಿ ಹಿಡಿದು ಯಾರೂ ಅಳೆಯಲಿಲ್ಲ. ಇದು ಕೇವಲ ಮೌಲ್ಯದ ಪುಸ್ತಕ. ಬೆಟ್ಟದ ಮೇಲಿನ ಹುಲ್ಲುಗಾವಲು, ಕಾಡು, ಸಾಲ್ಮನ್ ಮೀನು ಹಿಡಿಯುವ ಹಕ್ಕು, ನೀರಿನಿಂದ ತಿರುಗುವ ಬೀಸುವ ಗಿರಣಿ, ಎಲ್ಲವೂ ಆ ಒಂದು ಅಂಕಿಯೊಳಗೆ ಅಡಗಿರುತ್ತವೆ.

ಇನ್ನೂ ಒಂದು ವಿಷಯ. ಪಶ್ಚಿಮ ನಾರ್ವೆಯಲ್ಲಿ ಪಾಲಾದರೂ ಮನೆಗಳು ಒಂದೇ ಅಂಗಳದಲ್ಲಿ ಗುಂಪಾಗಿ ಇರುತ್ತಿದ್ದವು. ಹೊಲಗಳು ಮಾತ್ರ ಚಿಕ್ಕ ಚಿಕ್ಕ ಪಟ್ಟಿಗಳಾಗಿ ಒಬ್ಬರದರ ಪಕ್ಕ ಒಬ್ಬರದು. ಪಾಲು ಎಂದರೆ ಬೇಲಿಯಲ್ಲ, ಅನುಪಾತ. 1800ರ ದಶಕದಲ್ಲಿ, ವಿಶೇಷವಾಗಿ 1857ರ ಕಾನೂನಿನ ನಂತರ, ಪಟ್ಟಿಗಳನ್ನು ಒಗ್ಗೂಡಿಸಿ ಮನೆಗಳನ್ನು ಬೇರೆ ಬೇರೆ ಜಾಗಕ್ಕೆ ಸರಿಸುವ ಕೆಲಸ ನಡೆಯಿತು. ಅದರ ದಾಖಲೆಗಳಲ್ಲಿ ಮಾತ್ರ ಗಡಿಗಳ ವಿವರ ಸಿಗುತ್ತದೆ.

ತುಮಕೂರು ಭೂಮಾಪಕ:

ಗಡಿಯಿಲ್ಲದೆ ಕಂದಾಯ! ವ್ಯಾಜ್ಯ ಆಗಲಿಲ್ಲವೇ?

ಹಳೆಯ ಕಡತ:

ಬೇಕಾದಷ್ಟು ಆಯಿತು. ಅದರಿಂದಲೇ ನಮ್ಮಂಥವರಿಗೆ ಅನುಕೂಲ. ಸ್ಥಳೀಯ ನ್ಯಾಯಸಭೆಯ ಪುಸ್ತಕಗಳಲ್ಲಿ ಪಕ್ಕದ ಮನೆಯ ಮುದುಕರು ಬಂದು ‘ನನ್ನ ಅಜ್ಜನ ಕಾಲದಿಂದ ಆ ಹುಲ್ಲು ಇವರದೇ’ ಎಂದು ಸಾಕ್ಷಿ ಹೇಳುತ್ತಾರೆ. ಯಾರು ಯಾರ ಮಗ, ಯಾರು ಯಾರ ಭಾವಮೈದುನ ಎಂಬುದು ತೆರಿಗೆ ಪುಸ್ತಕದಲ್ಲಿ ಸಿಗದು, ಜಗಳದಲ್ಲಿ ಸಿಗುತ್ತದೆ.

ಗುಡ್‌ಬ್ರಾನ್ಸ್‌ದಾಲ್ ಅಳಿಯ:

ನನ್ನ ಹೆಂಡತಿಯ ಕಡೆಯ ಜಮೀನಿಗೆ ‘2 ಹುಡ್ 6 ಸ್ಕಿನ್’ ಎಂದಿದೆ. 1660ರ ದಶಕದಲ್ಲೂ ಅಷ್ಟೇ, 1750ರ ಲೆಕ್ಕದಲ್ಲೂ ಅಷ್ಟೇ. ಒಂದು ಶತಮಾನದಲ್ಲಿ ಒಂದಿಷ್ಟೂ ಸುಧಾರಣೆಯಾಗದಷ್ಟು ಸೋಮಾರಿಗಳೇ ಎಂದು ಮನೆಯಲ್ಲಿ ರೇಗಿಸಿದೆ. ಆದರೆ 1790ರ ನಂತರ ಅಂಕಿ ಇಳಿದಿದೆ. ಪಾಲಾದ ಗುರುತಿಲ್ಲ, ಒಬ್ಬನೇ ರೈತ.

ಹಳೆಯ ಕಡತ:

ಹೆಂಡತಿಯ ಕ್ಷಮೆ ಕೇಳಿ. ಅಂಕಿ ಬದಲಾಗದಿರುವುದಕ್ಕೂ ಅವರ ದುಡಿಮೆಗೂ ಸಂಬಂಧವಿಲ್ಲ. 1660ರ ದಶಕದ ಅಂದಾಜೇ 1838ರವರೆಗೆ ಕಂದಾಯದ ಆಧಾರವಾಗಿ ಉಳಿಯಿತು. ನಡುವೆ 1723ರಲ್ಲಿ ಇಡೀ ದೇಶದ ಮರುಪರಿಶೀಲನೆ ನಡೆದು ಹೊಸ ಅಂಕಿಗಳನ್ನು ಸೂಚಿಸಿದರೂ ಅದು ಜಾರಿಗೆ ಬರಲೇ ಇಲ್ಲ. ಕಾಡು ಕಡಿದು ಹೊಲ ಇಮ್ಮಡಿ ಮಾಡಿದವನಿಗೂ ಅಜ್ಜನ ಕಾಲದ ಅಂಕಿಯೇ.

ಅಂದಹಾಗೆ ಹುಡ್ ಎಂದರೆ ಹಸುವಿನ ಇಡೀ ತೊಗಲು, 1 ಹುಡ್‌ಗೆ 12 ಸ್ಕಿನ್. ನಿಮ್ಮದು ಎರಡೂವರೆ ತೊಗಲಿನ ಜಮೀನು.

ಆದರೆ ಅಂಕಿ ಇಳಿಯುವುದಕ್ಕೆ ಒಂದು ದಾರಿಯಿತ್ತು, ನಿಮ್ಮ ವಿಷಯದಲ್ಲಿ ಆದದ್ದು ಅದೇ ಎಂದು ನನ್ನ ಊಹೆ. ಜಮೀನು ಹಾಳಾದರೆ ರೈತ ಅರ್ಜಿ ಹಾಕುತ್ತಿದ್ದ, ಅಧಿಕಾರಿ ಕೆಲವು ಪಂಚರನ್ನು ಕರೆದುಕೊಂಡು ಸ್ಥಳ ತನಿಖೆ ಮಾಡಿ ಕಂದಾಯ ಇಳಿಸುತ್ತಿದ್ದ. 1789ರ ಜುಲೈಯಲ್ಲಿ ನಿಮ್ಮ ಕಣಿವೆಯಲ್ಲಿ ‘ಸ್ತೂರ್‌ಓಫ್ಸೆನ್’ ಎಂದು ಇಂದಿಗೂ ಹೆಸರಿರುವ ಮಹಾಪ್ರವಾಹ ಬಂತು. ಗುಡ್ಡಗಳು ಜರಿದವು, ಹೊಲಗಳ ಮೇಲೆ ಕಲ್ಲುಮಣ್ಣು ಹರಡಿತು. ಅದರ ನಂತರದ ಸ್ಥಳ ತನಿಖೆಯ ವರದಿ ಹುಡುಕಿ. ಎಷ್ಟು ಹೊಲ ಹೋಯಿತು, ಯಾವ ಮನೆ ಬಿತ್ತು ಎಂಬುದು ಅದರಲ್ಲಿರುತ್ತದೆ. ಇಡೀ ತೆರಿಗೆ ದಾಖಲೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಈ ವರದಿಗಳೇ. ಉಳಿದವುಗಳಲ್ಲಿ ಅಂಕಿ ಮಾತ್ರ, ಇವುಗಳಲ್ಲಿ ಮನುಷ್ಯರು ಮಾತನಾಡುತ್ತಾರೆ.

ಇದಕ್ಕಿಂತ ವಿಚಿತ್ರವಾದದ್ದು ಯುಸ್ಟೆದಾಲ್ ಮತ್ತು ಓಲ್ದೆನ್ ಕಡೆಯದು. 1700ರ ದಶಕದ ಮೊದಲರ್ಧದಲ್ಲಿ ಯುಸ್ಟೆದಾಲ್ಸ್‌ಬ್ರೇನ್ ಹಿಮನದಿಯ ಕವಲುಗಳು ಕಣಿವೆಗೆ ಇಳಿದು ಬಂದು ಹುಲ್ಲುಗಾವಲನ್ನು, ಕೊನೆಗೆ ಮನೆಗಳನ್ನೇ ನುಂಗಿದವು. ನಿಗಾರ್ಡ್ಸ್‌ಬ್ರೇನ್ ಎಂಬ ಕವಲು 1748ರಲ್ಲಿ ಅತಿ ಮುಂದಕ್ಕೆ ಬಂದಿತ್ತು. ರೈತರು ‘ಹಿಮ ಬಂದಿದೆ, ಕಂದಾಯ ಇಳಿಸಿ’ ಎಂದು ಕೇಳಿದ ದಾಖಲೆಗಳಿವೆ. ಹವಾಮಾನ ಸಂಶೋಧಕರು ಆ ಕಾಲದ ಚಳಿಯನ್ನು ಅರಿಯಲು ಈ ಕಂದಾಯದ ಕಾಗದಗಳನ್ನೇ ಬಳಸುತ್ತಾರೆ.

ಗುಡ್‌ಬ್ರಾನ್ಸ್‌ದಾಲ್ ಅಳಿಯ:

ಪ್ರವಾಹದ ಕಥೆ ಮಾವನವರಿಗೆ ಗೊತ್ತಿತ್ತು, ಅದಕ್ಕೂ ಅಂಕಿಗೂ ನಂಟಿದೆಯೆಂದು ಗೊತ್ತಿರಲಿಲ್ಲ. ಹುಡುಕುತ್ತೇನೆ. ಕ್ಷಮೆಯನ್ನು ಮಾತ್ರ ವರದಿ ಸಿಕ್ಕ ಮೇಲೆ ಕೇಳುತ್ತೇನೆ.

ಮಿನ್ನೆಸೋಟಾ ಮಂಜು:

ನನ್ನ ಪ್ರಶ್ನೆ ಬೇರೆ. ನನ್ನ ಹೆಂಡತಿಯ ಮುತ್ತಜ್ಜನ ತಂದೆ ಸೋಗ್ನ್ ಕಡೆಯಿಂದ ಅಮೆರಿಕಕ್ಕೆ ಬಂದವರು. ಚರ್ಚಿನ ದಾಖಲೆಯಲ್ಲಿ ಅವರ ಹೆಸರಿನ ಜೊತೆ ಒಂದು ಜಮೀನಿನ ಹೆಸರಿದೆ. ಆ ಜಮೀನು 1838ರ ಪುಸ್ತಕದಲ್ಲೂ ಇದೆ, ಆದರೆ ಅಲ್ಲಿ ಇವರ ಪೂರ್ವಜರು ಯಾರೂ ಇಲ್ಲ. 1723ರದರಲ್ಲೂ ಇಲ್ಲ. ಹೆಂಡತಿಯ ಮನೆಯವರು ‘ನಾವು ಆ ಜಮೀನಿನ ಒಡೆಯರು, ದಾಖಲೆ ತಪ್ಪು’ ಎನ್ನುತ್ತಾರೆ.

ಹಳೆಯ ಕಡತ:

ದಾಖಲೆ ತಪ್ಪಿರುವ ಸಾಧ್ಯತೆ ಕಡಿಮೆ. ಅವರು ಬಹುಶಃ ‘ಹುಸ್‌ಮನ್’. ಅಂದರೆ ದೊಡ್ಡ ರೈತನ ಜಮೀನಿನ ಅಂಚಿನಲ್ಲಿ ಗುಡಿಸಲು ಕಟ್ಟಿಕೊಂಡು, ತುಂಡು ಹೊಲ ಉಳುತ್ತಾ, ಅದಕ್ಕೆ ಪ್ರತಿಯಾಗಿ ಅವನ ಮನೆಯಲ್ಲಿ ದುಡಿಯುವವನು. ಆ ಗುಡಿಸಲಿನ ಜಾಗಕ್ಕೆ ಕಂದಾಯದ ಅಂಕಿಯಿಲ್ಲ. ಆದ್ದರಿಂದ ಪುಸ್ತಕದಲ್ಲಿ ಸಾಲೂ ಇಲ್ಲ. ಹೆಸರಿನ ಜೊತೆಗಿರುವ ಜಮೀನಿನ ಹೆಸರು ವಿಳಾಸ ಮಾತ್ರ. ಎಲ್ಲಿ ವಾಸವೋ ಆ ಹೆಸರು, ಮನೆ ಬದಲಾದರೆ ಹೆಸರೂ ಬದಲು. ಎಲ್ಲರಿಗೂ ಸ್ಥಿರವಾದ ಮನೆತನದ ಹೆಸರಿರಬೇಕೆಂಬ ಕಾನೂನು ಬಂದದ್ದೇ 1923ರಲ್ಲಿ.

ಈ ಭೇದ ಸಣ್ಣದೇನಲ್ಲ. 1814ರ ಸಂವಿಧಾನದಲ್ಲಿ ಹಳ್ಳಿಗಾಡಿನ ಗಂಡಸಿಗೆ ಮತದಾನದ ಹಕ್ಕು ಬರಬೇಕಾದರೆ ಅವನು ಸರ್ಕಾರಿ ನೌಕರನಲ್ಲದಿದ್ದರೆ ಪುಸ್ತಕದಲ್ಲಿ ಸಾಲಿರುವ ಜಮೀನಿನ ಒಡೆಯನಾಗಿರಬೇಕಿತ್ತು, ಇಲ್ಲವೇ ಅಂಥ ಜಮೀನನ್ನು 5 ವರ್ಷಕ್ಕಿಂತ ಹೆಚ್ಚು ಕಾಲ ಗೇಣಿಗೆ ಹಿಡಿದಿರಬೇಕಿತ್ತು. ಹುಸ್‌ಮನ್ ಹೊರಗುಳಿದ. ಮುಂದೆ 1870-80ರ ದಶಕಗಳ ರಾಜಕೀಯ ಬಿಸಿಯಲ್ಲಿ ಬೆಲೆಯಿಲ್ಲದ ಜವುಗು ತುಂಡುಗಳಿಗೆ ಸಂಖ್ಯೆ ಮಾಡಿಸಿ ಮತಕ್ಕಾಗಿ ಹಂಚಿದ್ದೂ ಉಂಟು. 1886ರ ಪುಸ್ತಕದಲ್ಲಿ ಒಂದೆರಡು ‘ಓರೆ’ ಮೌಲ್ಯದ ತುಂಡಿನ ಒಡೆಯ ಎಂದು ಪೂರ್ವಜ ಸಿಕ್ಕರೆ ಜಮೀನ್ದಾರನೆಂದು ಹಿಗ್ಗಬೇಡಿ. ಆತ ಮತದಾರನಷ್ಟೇ ಆಗಿರಬಹುದು.

ಮಿನ್ನೆಸೋಟಾ ಮಂಜು:

ಮಾವನವರಿಗೆ ಇದನ್ನು ಹೇಳುವ ಧೈರ್ಯ ನನಗಿಲ್ಲ. ಸರಿ, ಹುಸ್‌ಮನ್ ಎಂದೇ ಇಟ್ಟುಕೊಳ್ಳೋಣ. ಅವರನ್ನು ಎಲ್ಲಿ ಹುಡುಕುವುದು?

ಹಳೆಯ ಕಡತ:

ತಲೆಗೆ ಬಿದ್ದ ತೆರಿಗೆಗಳಲ್ಲಿ. ಜಮೀನಿನ ಕಂದಾಯ ಬಡವನನ್ನು ಗುರುತಿಸುವುದಿಲ್ಲ, ತಲೆಗಂದಾಯ ಯಾರನ್ನೂ ಬಿಡುವುದಿಲ್ಲ. 1762ರಲ್ಲಿ ಬಂದ ‘ಎಕ್ಸ್ಟ್ರಾಸ್ಕಟ್’ 12 ವರ್ಷ ಮೀರಿದ ಪ್ರತಿಯೊಬ್ಬರ ಮೇಲೂ ಬಿತ್ತು: ತಿಂಗಳಿಗೆ 8 ಸ್ಕಿಲ್ಲಿಂಗ್, ಆ ಕಾಲದ ಲೆಕ್ಕದಲ್ಲಿ ವರ್ಷಕ್ಕೆ 1 ರಿಕ್ಸ್‌ಡಾಲೆರ್. ಕೂಲಿಯವನಿಗೂ ಅಷ್ಟೇ, ಸಾಹುಕಾರನಿಗೂ ಅಷ್ಟೇ. ಜನ ಸುಮ್ಮನಿರಲಿಲ್ಲ. 1765ರ ಏಪ್ರಿಲ್‌ನಲ್ಲಿ ಬರ್ಗೆನ್ ಸುತ್ತಲಿನ ಕರಾವಳಿ ರೈತರು ದಂಡಾಗಿ ಪಟ್ಟಣಕ್ಕೆ ನುಗ್ಗಿದರು. ಅದನ್ನು ‘ಸ್ತ್ರೀಲೆಕ್ರೀಗೆನ್’ ಎಂದು ಕರೆಯುತ್ತಾರೆ. 1772ರಲ್ಲಿ ತೆರಿಗೆ ರದ್ದಾಯಿತು. ನಮಗೆ ಮುಖ್ಯವಾದದ್ದೆಂದರೆ ಮೊದಲ ವರ್ಷಗಳ ವಸೂಲಿ ಪಟ್ಟಿಗಳಲ್ಲಿ ಆಳು, ಹುಸ್‌ಮನ್, ಬೆಳೆದ ಮಕ್ಕಳು ಎಲ್ಲರೂ ಸಿಗುತ್ತಾರೆ. 1801ರ ಜನಗಣತಿಯಲ್ಲಿ ಇಡೀ ದೇಶದ ಪ್ರತಿಯೊಬ್ಬರ ಹೆಸರಿದೆ. ಅದಕ್ಕೆ ಮುಂಚಿನ ಕತ್ತಲಲ್ಲಿ ಇದು ದೊಡ್ಡ ದೀಪ.

ನೀವು 1865ರ ಜನಗಣತಿಯನ್ನೂ ನೋಡಿ. ಅದರಲ್ಲಿ ಹುಸ್‌ಮನ್‌ನ ದನ, ಕುರಿ, ಬಿತ್ತಿದ ಕಾಳಿನ ಲೆಕ್ಕವೂ ಇದೆ.

ವೊಸ್ ಸೊಸೆ:

ಮಧ್ಯೆ ಬಾಯಿ ಹಾಕುತ್ತೇನೆ. ಹೆಂಗಸರು ಎಲ್ಲಿದ್ದಾರೆ? ನಾನು ನೋಡಿದ ಪುಟಗಳಲ್ಲೆಲ್ಲ ಗಂಡಸರ ಹೆಸರುಗಳೇ. ಒಂದು ಕಡೆ ಮಾತ್ರ ‘ಲಾರ್ಸನ ವಿಧವೆ’ ಎಂದಿದೆ, ಆಕೆಯ ಹೆಸರಿಲ್ಲ.

ಹಳೆಯ ಕಡತ:

ಕೇಳಬೇಕಾದ ಪ್ರಶ್ನೆ. ಜಮೀನಿನ ಕಂದಾಯ ಕಟ್ಟುವವನ ಹೆಸರು ಮಾತ್ರ ಸರ್ಕಾರಕ್ಕೆ ಬೇಕಿತ್ತು. 1645ರ ತಲೆಗಂದಾಯ 15 ವರ್ಷ ಮೀರಿದ ಹೆಂಗಸರ ಮೇಲೂ ಬಿದ್ದಿತ್ತು, ಆದರೂ ಬಹಳ ಕಡೆ ಗುಮಾಸ್ತ ‘ಮತ್ತು ಹೆಂಡತಿ’ ಎಂದು ಗೀಚಿ ಮುಗಿಸಿದ್ದಾನೆ. 1660ರ ದಶಕದ ಗಣತಿಯಲ್ಲೂ 1701ರದರಲ್ಲೂ ಗಂಡಸರು ಮಾತ್ರ. 1701ರದಂತೂ ಪೂರ್ವ ಭಾಗದ ಬಹುಪಾಲು ಉಳಿದಿಲ್ಲ.

ಆದರೆ ಆ ‘ಲಾರ್ಸನ ವಿಧವೆ’ಯನ್ನು ಸುಲಭವಾಗಿ ದಾಟಬೇಡಿ. ಆ ಸಾಲು ಯಾವ ವರ್ಷದ್ದು, ಮರುವರ್ಷ ಅದೇ ಜಮೀನಿನ ಎದುರು ಯಾರ ಹೆಸರಿದೆ?

ವೊಸ್ ಸೊಸೆ:

ವಿಧವೆ 1690ರ ಸುಮಾರಿನ ಲೆಕ್ಕದಲ್ಲಿ ಬರುತ್ತಾಳೆ. ಅದಾದ ಮೇಲೆ ‘ಕ್ನೂಟ್’ ಎಂಬವನು ಬರುತ್ತಾನೆ. ಕ್ನೂಟ್ ಲಾರ್ಸನ ಮಗ ಎಂದು ನನ್ನ ವೃಕ್ಷದಲ್ಲಿ ಹಾಕಿದ್ದೇನೆ.

ಹಳೆಯ ಕಡತ:

ತೆಗೆದುಬಿಡಿ. ಕ್ನೂಟನ ತಂದೆಯ ಹೆಸರು ಅಲ್ಲಿದೆಯೇ? ಇಲ್ಲದಿದ್ದರೆ ಆತ ಮಗನೂ ಇರಬಹುದು, ಅಳಿಯನೂ ಇರಬಹುದು, ಸಂಬಂಧವೇ ಇಲ್ಲದ ಹೊಸ ಗೇಣಿದಾರನೂ ಇರಬಹುದು. ಅತ್ಯಂತ ಸಾಮಾನ್ಯವಾದದ್ದು ಇನ್ನೊಂದಿದೆ: ವಿಧವೆಯ ಎರಡನೆಯ ಗಂಡ. ಒಂಟಿಯಾಗಿ ಜಮೀನು ನಡೆಸುವುದು ಕಷ್ಟ, ಮನೆಯಲ್ಲಿ ಗಂಡಾಳು ಬೇಕು, ಮದುವೆಯಾದವನ ಹೆಸರು ಪಟ್ಟಿಗೆ ಬರುತ್ತದೆ. ಲಾರ್ಸನ ಮಗ ಬೆಳೆದು ದೊಡ್ಡವನಾದ ಮೇಲೆ ಮಲತಂದೆಯಿಂದ ಜಮೀನು ಪಡೆಯುತ್ತಾನೆ. ಅಂಥಲ್ಲಿ ಪಟ್ಟಿಯಲ್ಲಿ ಲಾರ್ಸ್, ಕ್ನೂಟ್, ಮತ್ತೆ ಒಬ್ಬ ಲಾರ್ಸೆನ್ ಎಂಬ ಅನುಕ್ರಮ ಇರುತ್ತದೆ. ಕ್ನೂಟ್‌ಗೆ ನಿಮ್ಮ ಮಕ್ಕಳ ರಕ್ತದಲ್ಲಿ ಪಾಲೇ ಇರಲಿಕ್ಕಿಲ್ಲ.

ವಂಶಾವಳಿ ಬರೆಯುವವರೊಂದಿಗೆ ನನ್ನ ನಿತ್ಯದ ಜಗಳ ಇದು. ತೆರಿಗೆ ಪುಸ್ತಕ ಜಮೀನಿನ ಚರಿತ್ರೆ ಹೇಳುತ್ತದೆ, ಕುಟುಂಬದ ಚರಿತ್ರೆಯನ್ನಲ್ಲ. ಜಮೀನು ಅಲ್ಲಾಡುವುದಿಲ್ಲ, ಜನ ಬರುತ್ತಾರೆ ಹೋಗುತ್ತಾರೆ. ಆದ್ದರಿಂದ ಮೊದಲು ಜಮೀನಿನ ಸರಪಳಿಯನ್ನು ಪೂರ್ತಿಯಾಗಿ ಕಟ್ಟಿ: ಇಂದಿನ ಗೋರ್ಡ್ ಸಂಖ್ಯೆಯಿಂದ 1886ಕ್ಕೆ, ಅಲ್ಲಿ ಕೊಟ್ಟಿರುವ ಹಳೆಯ ಸಂಖ್ಯೆ ಹಿಡಿದು 1838ಕ್ಕೆ, ಅಲ್ಲಿಂದ ಹಿಂದಕ್ಕೆ ಹೆಸರು ಮತ್ತು ಬೆಣ್ಣೆಯ ಅಂಕಿ ಎರಡನ್ನೂ ಹೊಂದಿಸುತ್ತಾ 1723, 1660ರ ದಶಕ, 1647. ಪುರಸಭೆಗಳು ವಿಲೀನವಾದ ಕಡೆ ಇಂದಿನ ಸಂಖ್ಯೆ ಬದಲಾಗಿರಬಹುದು, ಅದನ್ನು ಮೊದಲೇ ನೋಡಿಕೊಳ್ಳಿ. ಹೆಸರನ್ನು ಮಾತ್ರ ನಂಬಿದರೆ ಕೆಟ್ಟಿರಿ. ಹೌಗೆನ್, ಬಕ್ಕೆನ್, ಮೂಎನ್ ಎಂಬ ಜಮೀನುಗಳು ಪ್ರತಿ ಕಣಿವೆಯಲ್ಲೂ ಇವೆ. ಸರಪಳಿ ಗಟ್ಟಿಯಾದ ಮೇಲೆ ಅದರ ಮೇಲೆ ಮನುಷ್ಯರನ್ನು ಕೂರಿಸಿ, ಪ್ರತಿಯೊಬ್ಬರಿಗೂ ಬೇರೆ ಸಾಕ್ಷಿಯೊಂದಿಗೆ: ಚರ್ಚಿನ ದಾಖಲೆ, ಸತ್ತ ನಂತರದ ಆಸ್ತಿ ಹಂಚಿಕೆಯ ಪತ್ರ, ಗೇಣಿಯ ಕರಾರು.

ಫಗೋಡು:

ನನ್ನ ನಾರ್ವೇಜಿಯನ್ ಸಹೋದ್ಯೋಗಿಯೊಬ್ಬ ವೈಕಿಂಗ್ ರಾಜ ಹರಾಲ್ಡ್‌ನವರೆಗೆ ತನ್ನ ವಂಶವೃಕ್ಷ ಬರೆದು ಗೋಡೆಗೆ ಹಾಕಿಕೊಂಡಿದ್ದಾನೆ. ನೀವು 1690ಕ್ಕೇ ಇಷ್ಟು ತಡವರಿಸುತ್ತಿದ್ದೀರಲ್ಲ?

ಹಳೆಯ ಕಡತ:

ಗೋಡೆ ಅವನದು, ಏನನ್ನಾದರೂ ಹಾಕಿಕೊಳ್ಳಲಿ.

ಫಗೋಡು:

ಅಲ್ಲ, ನಿಜವಾಗಿ ಕೇಳುತ್ತಿದ್ದೇನೆ. 1647ಕ್ಕಿಂತ ಹಿಂದೆ ಏನೂ ಇಲ್ಲವೇ?

ಹಳೆಯ ಕಡತ:

ಇದೆ, ಆದರೆ ಸಾಮಾನ್ಯ ರೈತನ ಸರಪಳಿ ಕಟ್ಟುವಷ್ಟು ಒತ್ತೊತ್ತಾಗಿ ಇಲ್ಲ. 1500ರ ದಶಕದಿಂದ ಬಿಡಿ ಬಿಡಿ ತೆರಿಗೆ ಪಟ್ಟಿಗಳಿವೆ. 1349ರ ಪ್ಲೇಗ್ ಬಂದ ಮೇಲೆ ಅಸಂಖ್ಯ ಜಮೀನುಗಳು ನಿರ್ಜನವಾದವು, ಕೆಲವು ಶತಮಾನಗಳೇ ಪಾಳು ಬಿದ್ದು ಮತ್ತೆ ಸಾಗುವಳಿಗೆ ಬಂದವು. ಅದರ ನೆನಪು ತೆರಿಗೆಯ ವರ್ಗದಲ್ಲಿ ಉಳಿದಿದೆ. 1600ರ ದಶಕದ ಮೊದಲರ್ಧದಲ್ಲಿ ಜಮೀನುಗಳನ್ನು ‘ಪೂರ್ಣ’, ‘ಅರ್ಧ’, ‘ಓದೆಗೋರ್ಡ್’ ಎಂದು ಮೂರು ದರ್ಜೆ ಮಾಡಿದ್ದರು. ಮೊದಲನೆಯದಕ್ಕೆ ಪೂರ್ತಿ ತೆರಿಗೆ, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಕಾಲು. ಓದೆಗೋರ್ಡ್ ಎಂದರೆ ಪಾಳು ಜಮೀನು. ಆದರೆ ಪಟ್ಟಿಯಲ್ಲಿ ಆ ದರ್ಜೆ ಕಂಡರೆ ಅಲ್ಲಿ ಯಾರೂ ಇರಲಿಲ್ಲ ಎಂದಲ್ಲ. ಜನ ಇದ್ದರು, ಉಳುತ್ತಿದ್ದರು, ತೆರಿಗೆ ಮಾತ್ರ ಕಡಿಮೆ ಕಟ್ಟುತ್ತಿದ್ದರು. ಇದನ್ನು ತಿಳಿಯದೆ ‘1647ರಲ್ಲಿ ನಮ್ಮ ಜಮೀನು ಖಾಲಿಯಿತ್ತು’ ಎಂದು ಬರೆದವರೂ ಇದ್ದಾರೆ.

ವೊಸ್ ಸೊಸೆ:

ಕ್ನೂಟ್‌ನನ್ನು ಅಳಿಸಿದ್ದೇನೆ. ಅತ್ತೆಗೆ ಬೇಸರವಾಯಿತು, ಅವರ ತಮ್ಮನ ಹೆಸರೂ ಕ್ನೂಟ್. ಇನ್ನೊಂದು ಸಂಶಯ: 1660ರ ದಶಕದ ಸಾಲಿನ ಕೊನೆಯಲ್ಲಿ ಒಡೆಯರು ಎಂದು ಮೂರು ಹೆಸರುಗಳಿವೆ. ಒಂದು ಅಲ್ಲಿನ ಚರ್ಚು, ಒಂದು ಬರ್ಗೆನ್ನಿನ ಆಸ್ಪತ್ರೆ, ಇನ್ನೊಂದು ಓದಲಾಗುತ್ತಿಲ್ಲ. ಉಳುವವನು ಒಬ್ಬ, ಒಡೆಯರು ಮೂವರು?

ಹಳೆಯ ಕಡತ:

ಹೌದು. ಬರ್ಗೆನ್ನಿನ ಕುಷ್ಠರೋಗಿಗಳ ಆಸ್ಪತ್ರೆ ಇರಬೇಕು, ಅದಕ್ಕೆ ಸುತ್ತಮುತ್ತ ಜಮೀನಿನ ಪಾಲುಗಳಿದ್ದವು. ಇಲ್ಲಿಯೂ ಪಾಲು ಎಂದರೆ ಹೊಲದ ತುಂಡಲ್ಲ, ಗೇಣಿಯ ತುಂಡು. ಚರ್ಚಿಗೆ 24 ಮರ್ಕ್, ಆಸ್ಪತ್ರೆಗೆ 12 ಮರ್ಕ್ ಎಂಬಂತೆ. ಎಲ್ಲ ಸೇರಿಸಿ ನಿಮ್ಮ 108 ಮರ್ಕ್ ಆಗಬೇಕು. ಆಗದಿದ್ದರೆ ಎಲ್ಲೋ ಒಂದು ಅಡ್ಡಗೆರೆ ನಿಮ್ಮ ಕಣ್ಣು ತಪ್ಪಿಸಿದೆ. ಇದು ಓದಿದ್ದು ಸರಿಯೇ ಎಂದು ಪರೀಕ್ಷಿಸುವ ಒಳ್ಳೆಯ ಉಪಾಯ. ಅವರಲ್ಲಿ ಒಬ್ಬರಿಗೆ ಮಾತ್ರ ಗೇಣಿದಾರನನ್ನು ಕೂರಿಸುವ ಹಕ್ಕಿರುತ್ತಿತ್ತು, ಒಳಬರುವಾಗಿನ ಕಾಣಿಕೆ ಹಣವೂ ಅವರಿಗೇ. ಆ ಹಕ್ಕು ಯಾರದೋ ಅವರ ಲೆಕ್ಕಪುಸ್ತಕದಲ್ಲಿ ಹೊಸ ಗೇಣಿದಾರ ಬಂದ ವರ್ಷ ಸಿಗುತ್ತದೆ. ನಿಮ್ಮ ಕ್ನೂಟ್ ವಿಧವೆಯನ್ನು ಮದುವೆಯಾಗಿ ಬಂದನೋ ಹೊರಗಿನಿಂದ ಬಂದನೋ ಎಂಬುದೂ ಅಲ್ಲಿರಬಹುದು.

ಮೂರನೆಯ ಹೆಸರಿನ ಚಿತ್ರ ಕಳುಹಿಸಿ. ಗೋಥಿಕ್ ಕೈಬರಹ, ಓದಿಕೊಡುತ್ತೇನೆ.

ಹೊಸಬ ಸ್ತಾವಾಂಗರ್:

ಓದುತ್ತಾ ಬಂದೆ. ಮೊದಲ ಪ್ರಶ್ನೆಗೆ ಉತ್ತರ ಬರಲೇ ಇಲ್ಲವಲ್ಲ. ಆ ಮನೆತನ ಸ್ಥಿತಿವಂತರೋ ಅಲ್ಲವೋ ತಿಳಿಯುವುದು ಹೇಗೆ?

ಹಳೆಯ ಕಡತ:

ಬೆಣ್ಣೆಯ ಅಂಕಿಯಿಂದ ತಿಳಿಯದು. ಅದೇ ಕಣಿವೆಯ ಬೇರೆ ಜಮೀನುಗಳ ಜೊತೆ ಹೋಲಿಸಿದರೆ ಜಮೀನು ದೊಡ್ಡದೋ ಚಿಕ್ಕದೋ ಎಂದಷ್ಟು ಗೊತ್ತಾಗುತ್ತದೆ. ವೊಸ್‌ನ ಲೌಪನ್ನು ಗುಡ್‌ಬ್ರಾನ್ಸ್‌ದಾಲ್‌ನ ತೊಗಲಿನ ಜೊತೆ ತೂಗಬೇಡಿ. ಮನೆಯೊಳಗೆ ಏನಿತ್ತು ಎನ್ನುವುದಕ್ಕೆ ಬೇರೆ ಕಾಗದಗಳಿವೆ. 1657ರ ಜಾನುವಾರು ತೆರಿಗೆಯಲ್ಲಿ ಪ್ರತಿ ರೈತನ ಕುದುರೆ, ದನ, ಕುರಿ, ಆಡು, ಹಂದಿಗಳ ಲೆಕ್ಕವಿದೆ. ಜಾರಿಗೆ ಬಾರದ 1723ರ ಪರಿಶೀಲನೆಯಲ್ಲಿ ಬಿತ್ತನೆ, ದನಕರು, ಕಾಡು, ಗಿರಣಿ ಎಲ್ಲವೂ ಇವೆ. ತೆರಿಗೆಯಾಗಿ ಸೋತದ್ದು ದಾಖಲೆಯಾಗಿ ಗೆದ್ದಿದೆ. ರೈತರು ದನಗಳನ್ನು ಕಡಿಮೆ ಹೇಳಿರಬಹುದು, ತೆರಿಗೆಯವನ ಎದುರು ಯಾರು ತಾನೇ ಪೂರ್ತಿ ಹೇಳುತ್ತಾರೆ?

ನಂತರ 1816ರ ಬೆಳ್ಳಿ ತೆರಿಗೆ. ಯುದ್ಧದ ನಂತರ ನಾಣ್ಯ ಕುಸಿದು ಹೋಗಿತ್ತು, ಹೊಸ ನಾರ್ವೆಗೆ ಹೊಸ ಬ್ಯಾಂಕ್ ಬೇಕಿತ್ತು. ಟ್ರೊಂಡ್‌ಹೈಮ್‌ನಲ್ಲಿ ನೋರ್ಗೆಸ್ ಬ್ಯಾಂಕಿಗೆ ಬಂಡವಾಳ ಹೂಡಲು ಜನರ ಆಸ್ತಿಗೆ ತಕ್ಕಂತೆ ಬೆಳ್ಳಿ ವಸೂಲಿ ಮಾಡಿದರು. ಕೊಟ್ಟವರಿಗೆ ಬ್ಯಾಂಕಿನ ಷೇರು ಸಿಕ್ಕಿತು. ಬೆಳ್ಳಿಯ ನಾಣ್ಯವಿಲ್ಲದವರು ಚಮಚ, ಲೋಟ, ಉಡುಗೆಯ ಗುಂಡಿಗಳನ್ನೂ ತಂದುಕೊಟ್ಟರು. ಇದರ ಪಟ್ಟಿಯಲ್ಲಿ ಅಂಕಿ ಬಿದ್ದದ್ದು ಜಮೀನಿನ ಮೇಲಲ್ಲ, ಆ ಮನುಷ್ಯನಿಗೆ ಎಷ್ಟು ಕೊಡುವ ಶಕ್ತಿಯಿದೆ ಎಂಬುದರ ಮೇಲೆ. ವೊಸ್ ಸೊಸೆಯವರೇ, 1838ರ ಆ ಇಬ್ಬರು ಲಾರ್ಸೆನ್‌ಗಳ ತಂದೆ 1816ರಲ್ಲಿ ಬದುಕಿದ್ದರೆ ಮೊದಲು ಅದನ್ನು ತೆಗೆಯಿರಿ. ಜಮೀನು ಪಾಲಾಗುವುದಕ್ಕೆ ಮುಂಚೆ ಒಬ್ಬನದೇ ಹೆಸರಿದ್ದರೆ ಪಾಲಿನ ಕಾಲವೂ ಅದರಲ್ಲೇ ಸಿಗುತ್ತದೆ.

ವೊಸ್ ಸೊಸೆ:

ಸಿಕ್ಕಿತು. 1816ರ ಪಟ್ಟಿಯಲ್ಲಿ ಆ ಜಮೀನಿಗೆ ಲಾರ್ಸ್ ಒಬ್ಬನದೇ ಹೆಸರು. ಅಂದರೆ ಪಾಲಾದದ್ದು 1816 ಮತ್ತು 1838ರ ನಡುವೆ. ಅವನ ಎದುರಿರುವ ಮೊತ್ತ ಅದೇ ಪುಟದ ಅಕ್ಕಪಕ್ಕದವರ ಹೆಚ್ಚಿನವರಿಗಿಂತ ಜಾಸ್ತಿ ಇದೆ. ಅತ್ತೆಗೆ ತೋರಿಸಿದೆ, ಕ್ನೂಟ್‌ನ ಬೇಸರ ಮರೆತರು. ಒಡೆಯರ ಮೂರನೆಯ ಹೆಸರಿನ ಚಿತ್ರ ಈಗ ಕಳುಹಿಸುತ್ತಿದ್ದೇನೆ. ಮೊದಲ ಅಕ್ಷರದ ಮೇಲೆ ಶಾಯಿ ಚೆಲ್ಲಿದೆ, ನೋಡಿ.